ರಾತ್ರಿಯಿಡೀ ಸೀರೀಸ್, ಬೆಳಗ್ಗೆ ಇಂಟರ್ನಲ್ಸ್: ನಿದ್ರಾ ತಜ್ಞೆಗೆ ಪ್ರಶ್ನೆಗಳು

ಪ್ರಶ್ನೆ: ಮೇಡಂ, ಇಂಜಿನಿಯರಿಂಗ್ ಮೂರನೇ ಸೆಮ್. ರಾತ್ರಿ 10ಕ್ಕೆ ಕೂತರೆ 45 ನಿಮಿಷದ ಎಂಟು ಎಪಿಸೋಡ್ ಮುಗಿಯೋ ಹೊತ್ತಿಗೆ 4 ಗಂಟೆ. 7ಕ್ಕೆ ಏಳಬೇಕು. ಪರದೆಯ ನೀಲಿ ಬೆಳಕು ತಗ್ಗಿಸಿ ಹಳದಿ ಮಾಡೋ ಬ್ಲೂ ಲೈಟ್ ಫಿಲ್ಟರ್ ಹಾಕಿರ್ತೀನಿ. ಭಾನುವಾರ ಮಧ್ಯಾಹ್ನದವರೆಗೆ ಮಲಗಿ ಸರಿದೂಗಿಸಿದ್ರೆ ಸಾಕಲ್ವಾ?

ಉತ್ತರ: ಸಾಲದು. ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷ. 3 ಗಂಟೆಗೆ ಎರಡೇ ಸುತ್ತು, ನಿಮ್ಮ ವಯಸ್ಸಿಗೆ ಬೇಕಾದದ್ದು 7ರಿಂದ 9 ಗಂಟೆ. ಹಗಲು ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದು ಆ ನಿದ್ದೆಯಲ್ಲೇ. ಭಾನುವಾರ ಮಧ್ಯಾಹ್ನ ಎದ್ದರೆ ದೇಹದ ಗಡಿಯಾರ ಹಿಂದಕ್ಕೆ ಜರುಗುತ್ತೆ, ಆ ರಾತ್ರಿ 11ಕ್ಕೆ ನಿದ್ದೆ ಹತ್ತಲ್ಲ, ಸೋಮವಾರ ಮತ್ತೆ ಅದೇ ಪಾಡು. ರಜೆ ದಿನ ಒಂದು ಗಂಟೆ ತಡವಾಗಿ ಏಳಿ, ಅಷ್ಟೇ.

ಇನ್ನು ಫಿಲ್ಟರ್. ಬೆಳಕು ತೊಂದರೆಯ ಒಂದು ಭಾಗ ಮಾತ್ರ. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ 18ರಿಂದ 25 ವಯಸ್ಸಿನ 423 ಜನರ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಹೀಗೆ ಸಾಲಾಗಿ ಎಪಿಸೋಡ್ ನೋಡುವವರ ನಿದ್ದೆ ಕೆಡುವುದಕ್ಕೂ, ಮಲಗಿದ ಮೇಲೂ ತಲೆ ಚುರುಕಾಗೇ ಇರುವುದಕ್ಕೂ ಅದರಲ್ಲಿ ನಂಟು ಕಂಡಿತ್ತು. ಕಥೆ ತಲೆಯಲ್ಲಿ ಓಡ್ತಿದ್ರೆ ಹಳದಿ ಪರದೆ ಏನು ಮಾಡೀತು?

ಪ್ರಶ್ನೆ: ಒಂದೇ ಎಪಿಸೋಡ್ ಅಂತ ಕೂರ್ತೀನಿ, ನಿಲ್ಸೋಕೇ ಆಗಲ್ಲ.

ಉತ್ತರ: ನೀವು ನಿಲ್ಲಿಸಲು ನೋಡುವ ಜಾಗವೇ ತಪ್ಪು. ಎಪಿಸೋಡಿನ ಕೊನೆಯನ್ನು ಬರೆಯುವುದೇ ಕುತೂಹಲ ಕೆರಳಿಸಲಿಕ್ಕೆ. ಆ ಗಂಟು ಸಾಮಾನ್ಯವಾಗಿ ಮುಂದಿನದರ ಮೊದಲ ಹತ್ತು-ಹದಿನೈದು ನಿಮಿಷದಲ್ಲಿ ಬಿಚ್ಚಿಕೊಳ್ಳುತ್ತೆ. ಅದಕ್ಕೇ ಎಪಿಸೋಡಿನ ನಡುವೆ, 20ನೇ ನಿಮಿಷದ ಆಸುಪಾಸು, ಒಂದು ದೃಶ್ಯ ಮುಗಿದ ಕೂಡಲೇ ನಿಲ್ಲಿಸಿ. ಅಲಾರಂ ಹಾಕುವುದಾದರೂ ಆ ಲೆಕ್ಕಕ್ಕೇ ಹಾಕಿ.

ಮುಂದಿನ ಎಪಿಸೋಡನ್ನು ತಾನಾಗೇ ಶುರು ಮಾಡುವ ಆಟೋಪ್ಲೇಯನ್ನೂ ಆಫ್ ಮಾಡಿ. ನೆಟ್‌ಫ್ಲಿಕ್ಸ್‌ನಲ್ಲಿ ಈ ಸೆಟ್ಟಿಂಗ್ ಪ್ರೊಫೈಲಿಗೊಂದು, ರೂಮ್‌ಮೇಟ್ ಪ್ರೊಫೈಲಲ್ಲಿ ನೋಡಿದರೆ ನಿಮ್ಮದು ಲೆಕ್ಕಕ್ಕಿಲ್ಲ. ಬದಲಾಯಿಸಿದ್ದು ಟಿವಿಗೆ ಬರದಿದ್ದರೆ ಬೇರೆ ಪ್ರೊಫೈಲ್‌ಗೆ ಹೋಗಿ ವಾಪಸ್ ಬನ್ನಿ. ಫೋನಿನಲ್ಲಿ ಸ್ಮಾರ್ಟ್ ಡೌನ್‌ಲೋಡ್ಸ್ ಆನ್ ಇದ್ದರೆ ನೋಡಿದ್ದನ್ನು ಅಳಿಸಿ ಮುಂದಿನದನ್ನು ತಾನೇ ಇಳಿಸಿಟ್ಟಿರುತ್ತೆ, ಅದನ್ನೂ ತೆಗೆಯಿರಿ.

ಪ್ರಶ್ನೆ: ಎಲ್ಲಾ ಎಪಿಸೋಡ್ ಒಟ್ಟಿಗೆ ನೋಡಿದ್ರೆ ಕಥೆ ಚೆನ್ನಾಗಿ ನೆನಪಿರುತ್ತಲ್ಲ?

ಉತ್ತರ: ಮರುದಿನಕ್ಕೆ ಹೌದು. ಮೆಲ್ಬರ್ನ್ ವಿಶ್ವವಿದ್ಯಾಲಯದ 2017ರ ಪ್ರಯೋಗದಲ್ಲಿ ಒಂದೇ ಧಾರಾವಾಹಿಯನ್ನು ಕೆಲವರು ಒಂದೇ ಕೂತಲ್ಲಿ, ಕೆಲವರು ದಿನಕ್ಕೊಂದು, ಕೆಲವರು ವಾರಕ್ಕೊಂದರಂತೆ ನೋಡಿದರು. ಒಟ್ಟಿಗೆ ನೋಡಿದವರಿಗೆ ಮರುದಿನ ಚೆನ್ನಾಗಿ ನೆನಪಿತ್ತು, ಬೇಗ ಮಾಸಿದ್ದೂ ಅವರಿಗೇ. ನೋಡಿದ ಖುಷಿಯೂ ಉಳಿದವರಿಗಿಂತ ಕಮ್ಮಿ ಅಂದರು!

ಪ್ರಶ್ನೆ: ನಿನ್ನೆ 3 ಗಂಟೆ ಮಲಗಿದ್ದೀನಿ, ನಾಳೆ ಇಂಟರ್ನಲ್ಸ್. ಈಗೇನು?

ಉತ್ತರ: ಇವತ್ತು ಬೈಕ್ ಮುಟ್ಟಬೇಡಿ, ಬಸ್ ಹಿಡಿಯಿರಿ. ಮಧ್ಯಾಹ್ನ 3ರೊಳಗೆ 20 ನಿಮಿಷ ಮಲಗಿ. ಅದಕ್ಕಿಂತ ಜಾಸ್ತಿಯಾದರೆ ಗಾಢ ನಿದ್ದೆಗೆ ಜಾರಿ, ಎದ್ದಾಗ ತಲೆ ಭಾರ. ಕಾಫಿ 2 ಗಂಟೆಗೆ ಮುಗಿಸಿ, ಐದಾರು ಗಂಟೆ ಕಳೆದರೂ ಕೆಫೀನಿನ ಅರ್ಧ ಮೈಯಲ್ಲೇ ಇರುತ್ತೆ. ರಾತ್ರಿ 10.30ಕ್ಕೆ ದೀಪ ಆರಿಸಿ, ಫೋನ್ ಕೈಗೆಟುಕದ ಕಡೆ ಚಾರ್ಜಿಗಿಡಿ.

ಮನಸ್ಸು ಕುಗ್ಗಿ, ಅದನ್ನು ಮರೆಯೋಕೆ ನೋಡ್ತಿದ್ದರೆ ಮೇಲಿನದ್ಯಾವುದೂ ನಾಟಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.