ಹಳದಿ ಹೂವಿಗೆ ‘ಕಾಡುನೇರಳೆ’ ಎನ್ನಬಹುದೇ?

ಮಾನ್ಯರೆ,

ಶಿರಸಿಯ ಸಸ್ಯಾಸಕ್ತರ ಬಳಗವೊಂದಕ್ಕಾಗಿ ಹಿಮಾಲಯದ ಹೂಗಳ ಪರಿಚಯವನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇವೆ. ಅದರಲ್ಲಿ ‘ವಯೊಲಾ ಬೈಫ್ಲೋರಾ’ ಎಂಬ ಗಿಡಕ್ಕೆ ಯಾವ ಹೆಸರು ಕೊಡಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಹೆಸರಿಟ್ಟ ಈ ಗಿಡ ವಯೊಲೆಟ್ (ಇಂಗ್ಲಿಷಿನಲ್ಲಿ ನೇರಳೆ ಬಣ್ಣಕ್ಕೂ ಇದೇ ಹೆಸರು) ಕುಲದ್ದೇ ಆದರೂ ಇದರ ಹೂವು ಅಚ್ಚ ಹಳದಿ. ಕೆಳಗಿನ ಎಸಳಿನ ಮೇಲೆ ಕೀಟಗಳಿಗೆ ದಾರಿ ತೋರುವ ಕಂದು ಗೆರೆಗಳಿರುತ್ತವೆ. ಅದೇ ಎಸಳಿನ ಬುಡ ಹಿಂದಕ್ಕೆ ಚಾಚಿಕೊಂಡು ಮಕರಂದ ತುಂಬುವ ಕಿರುಚೀಲವಾಗಿರುತ್ತದೆ. ಗೇಣುದ್ದವೂ ಬೆಳೆಯದ ಈ ಗಿಡ ಉತ್ತರಾಖಂಡದ ಹೂಕಣಿವೆಯಂತಹ ಎತ್ತರದ ತಾಣಗಳಲ್ಲಿ, ಹಿಮ ಕರಗಿದ ನೀರು ಜಿನುಗುವ ಬಂಡೆಗಳ ನೆರಳಿನಲ್ಲಿ ಮತ್ತು ತೊರೆಗಳ ಅಂಚಿನಲ್ಲಿ ಬೇರೂರುತ್ತದೆ. ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿಯೂ ಇದು ಉಂಟು.

ಮೊದಲ ಕರಡಿನಲ್ಲಿ ‘ಹಳದಿ ಕಾಡುನೇರಳೆ’ ಎಂದು ಬರೆಯಲಾಗಿತ್ತು. ನನಗೆ ಅದು ಒಪ್ಪಿಗೆಯಾಗಲಿಲ್ಲ. ನಮ್ಮಲ್ಲಿ ನೇರಳೆ ಎಂದರೆ ಮೊದಲು ಮರ, ಆಮೇಲೆ ಹಣ್ಣು, ಆ ಹಣ್ಣಿನಿಂದ ಬಂದ ಬಣ್ಣದ ಹೆಸರು ಕೊನೆಗೆ. ನೇರಳೆಯ ಬಳಗದ ಕುನ್ನೇರಳೆಯನ್ನೂ ಬಲ್ಲ ಘಟ್ಟದ ಓದುಗರು ‘ಕಾಡುನೇರಳೆ’ಯನ್ನು ನೇರಳೆಯದೇ ಇನ್ನೊಂದು ಜಾತಿಯೆಂದು ತಿಳಿದರೆ ಅವರನ್ನು ದೂರುವಂತಿಲ್ಲ, ಸಾಲದ್ದಕ್ಕೆ ನೇರಳೆ ಮರದ ಹೂವು ಬಿಳಿಚು ಬಣ್ಣದ್ದು. ‘ಹಳದಿ ವಯೊಲೆಟ್’ ಎಂದರೂ ಕಾಮನಬಿಲ್ಲಿನ ಬಣ್ಣಗಳನ್ನು ಬಾಯಿಪಾಠ ಮಾಡಿದ ಮಕ್ಕಳಿಗೆ ಎರಡು ಬಣ್ಣ ಒಟ್ಟಿಗೆ ಕೇಳಿಸುತ್ತದೆ.

ಯುನಾನಿ ವೈದ್ಯರು ಇದೇ ಕುಲದ ವಯೊಲಾ ಓಡೊರಾಟಾ ಗಿಡದ ಒಣಹೂವನ್ನು ‘ಬನಫ್ಶಾ’ ಎನ್ನುತ್ತಾರೆ. ಮೂಲ ಪಾರಸಿಯಲ್ಲಿ ಅದಕ್ಕೂ ಬಣ್ಣದ ಅರ್ಥವಿದೆಯಾದರೂ ಕನ್ನಡದ ಕಿವಿಗೆ ಅದು ಮುಟ್ಟದು. ಹೀಗಾಗಿ ಕುಲಕ್ಕೆ ‘ಬನಫ್ಶಾ’, ‘ಬೈಫ್ಲೋರಾ’ ಎಂದರೆ ಎರಡು ಹೂವಿನದು ಎಂದಾದ್ದರಿಂದ ಈ ಜಾತಿಗೆ ‘ಜೋಡಿಹೂ ಬನಫ್ಶಾ’ ಎಂದಿಡುವುದು ನನಗೆ ಸರಿಯೆನಿಸುತ್ತದೆ. ನಮ್ಮ ಬಯಲು ಹುಲ್ಲುಗಾವಲುಗಳ ‘ಪುರುಷರತ್ನ’ವೂ ಈ ಕುಟುಂಬದ್ದೇ. ಆದರೆ ಒಂದೇ ಎಸಳು ಅಗಲವಾಗಿ ಬೆಳೆದು ಉಳಿದವು ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿರುವ ಆ ಗಿಡದ ಕುಲ ಬೇರೆ, ಆದ್ದರಿಂದ ಆ ಹೆಸರನ್ನು ಇಲ್ಲಿಗೆ ಎಳೆದು ತರುವುದು ಬೇಡ.

ಇದೇ ಕುಲದ ವಯೊಲಾ ಪಿಲೋಸಾ ನೀಲಗಿರಿಯ ಶೋಲಾ ಕಾಡುಗಳ ಕಡೆ ಬೆಳೆಯುತ್ತದೆ. ಅದಕ್ಕೆ ಅಲ್ಲಿನ ಬಡಗ ಜನರ ನುಡಿಯಲ್ಲಾಗಲಿ ಕೊಡಗಿನ ಕಡೆಯಾಗಲಿ ಆಡುಮಾತಿನ ಹೆಸರಿದ್ದರೆ, ಬಲ್ಲವರು ದಯವಿಟ್ಟು ಅದನ್ನು ಉಚ್ಚರಿಸುವ ರೀತಿಯೊಂದಿಗೆ ತಿಳಿಸಬೇಕು. ಅಂತಹ ಹೆಸರು ದೊರೆತರೆ ‘ಬನಫ್ಶಾ’ವನ್ನು ಕೈಬಿಡಲು ನಾನು ಸಿದ್ಧನಿದ್ದೇನೆ.