ಇವಾಂಜೆಲಿಯನ್ ಬ್ಲೂ-ರೇ ತರಿಸಬಹುದಾ? ನೋಡಿದವರು ಹೇಳಿ

ಕೇಳಿದವರು, ದಾವಣಗೆರೆ:

ನನ್ನ ತಮ್ಮ ಮುಂದಿನ ತಿಂಗಳು ನ್ಯೂಜೆರ್ಸಿಯಿಂದ ಊರಿಗೆ ಬರುತ್ತಿದ್ದಾನೆ. ಏನು ತರಲಿ ಎಂದು ಕೇಳಿದ್ದಕ್ಕೆ ಮಗಳು ಒಂದೇ ಉಸಿರಿಗೆ 'ನಿಯಾನ್ ಜೆನೆಸಿಸ್ ಇವಾಂಜೆಲಿಯನ್' ಬ್ಲೂ-ರೇ ಸೆಟ್ ಅಂದಳು. ಅವಳಿಗೆ 14 ವರ್ಷ. ದೊಡ್ಡ ರೋಬೋಗಳ ಕಥೆ ಅಂದರೆ ಪ್ರಾಣ. ನಾನು ಅನಿಮೆ, ಅಂದರೆ ಜಪಾನಿನ ಕಾರ್ಟೂನ್, ಜಾಸ್ತಿ ನೋಡಿದವಳಲ್ಲ. ಇದರಂಥದ್ದು ಇನ್ನೊಂದಿಲ್ಲ ಎಂದು ಕೆಲವರು, ಕೊನೆಗೆ ತಲೆಬುಡ ಅರ್ಥವಾಗುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ದುಡ್ಡು ಕೊಟ್ಟು ತರಿಸುವಷ್ಟು ಚೆನ್ನಾಗಿದೆಯಾ? ಅಲ್ಲಿನ ಡಿಸ್ಕ್ ನಮ್ಮ ಪ್ಲೇಯರಿನಲ್ಲಿ ಓಡುತ್ತದಾ? ಈ ವಯಸ್ಸಿಗೆ ಸರಿಯಾ?

ಬೆಂಗಳೂರಿನಿಂದ:

ಮೇಡಂ, ಕಥೆಯ ಬಗ್ಗೆ ನಾನು ಹೇಳುತ್ತೇನೆ. ಪ್ಲೇಯರ್ ವಿಷಯ ಗೊತ್ತಿರುವವರು ಹೇಳಲಿ.

ಇದು 1995ರ ಅಕ್ಟೋಬರಿನಿಂದ 1996ರ ಮಾರ್ಚ್‌ವರೆಗೆ ಟಿವಿ ಟೋಕಿಯೊದಲ್ಲಿ ಬಂದ ಸರಣಿ. ಒಟ್ಟು 26 ಎಪಿಸೋಡ್. ಗೈನಾಕ್ಸ್ ಸ್ಟುಡಿಯೊ ಮಾಡಿದ್ದು, ನಿರ್ದೇಶಕ ಹಿದೆಆಕಿ ಆನ್ನೊ. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಯಾರೋ ಸಿಡಿಗಳಲ್ಲಿ ತುಂಬಿಸಿಕೊಂಡು ತಂದಿದ್ದರು. ಒಂದು ಕಂಪ್ಯೂಟರ್, ಅದರ ಮುಂದೆ ಒಂದು ರೂಮಿನಷ್ಟು ಜನ.

ಮೊದಲರ್ಧಕ್ಕೆ ಯಾರೂ ಬೇಸರಪಟ್ಟದ್ದು ನೋಡಿಲ್ಲ. ಇವಾ ಅನ್ನುವ ಆ ದೈತ್ಯನ ಬೆನ್ನಿಗೆ ಒಂದು ಕರೆಂಟ್ ಕೇಬಲ್ ಇರುತ್ತದೆ. ಅದು ಕಿತ್ತುಹೋದರೆ ಒಳಗಿನ ಬ್ಯಾಟರಿ ಹೆಚ್ಚೆಂದರೆ ಐದು ನಿಮಿಷ. ಹೊಡೆದಾಟ ನಡೆಯುತ್ತಿರುವಾಗಲೇ ಗಡಿಯಾರ ಹಿಂದಕ್ಕೆ ಓಡುತ್ತಿರುತ್ತದೆ. ಇಷ್ಟು ಸಣ್ಣ ಉಪಾಯದಿಂದ ಎಷ್ಟು ಕೆಲಸ ತೆಗೆದಿದ್ದಾರೆ ಅಂದರೆ, ಆಮೇಲೆ ಬೇರೆ ರೋಬೋ ಸರಣಿ ನೋಡುವಾಗಲೂ 'ಇದಕ್ಕೆ ಕರೆಂಟ್ ಎಲ್ಲಿಂದ?' ಎಂದು ಕೇಳುವ ಚಟ ಹತ್ತಿತು. 6ನೇ ಎಪಿಸೋಡಿನಲ್ಲಿ ಇಡೀ ಜಪಾನಿನ ವಿದ್ಯುತ್ತನ್ನು ಒಂದೇ ಬಂದೂಕಿಗೆ ಹರಿಸುತ್ತಾರೆ. ಊರೂರು ಸಾಲಾಗಿ ಕತ್ತಲಾಗುತ್ತಾ ಬರುತ್ತದೆ. ಲೋಡ್‌ಶೆಡ್ಡಿಂಗ್‌ನಲ್ಲಿ ಬೆಳೆದ ನಮ್ಮ ರೂಮಿನಲ್ಲಿ ಅದಕ್ಕೆ ಶಿಳ್ಳೆ ಬಿದ್ದಿತ್ತು. 9ನೇ ಎಪಿಸೋಡಿನಲ್ಲಿ ಹುಡುಗ ಹುಡುಗಿ ಇಬ್ಬರೂ ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತಾ 62 ಸೆಕೆಂಡಿನಲ್ಲಿ ಶತ್ರುವನ್ನು ಮುಗಿಸಬೇಕು. ಅದೂ ಮಜಾ.

ಆಮೇಲೆ ಕಥೆ ಒಳಕ್ಕೆ ಇಳಿಯುತ್ತದೆ. ಹೊಡೆದಾಟಕ್ಕಿಂತ ಇವಾ ಓಡಿಸುವ ಮಕ್ಕಳ ಮನಸ್ಸೇ ದೊಡ್ಡದಾಗುತ್ತಾ ಹೋಗುತ್ತದೆ. ಅಪ್ಪನಿಂದ ಒಂದು ಒಳ್ಳೆಯ ಮಾತು ಕೇಳಲು ಒದ್ದಾಡುವ ಶಿಂಜಿ, ಎಲ್ಲರಿಗಿಂತ ಮುಂದಿರದಿದ್ದರೆ ತಾನು ಏನೂ ಅಲ್ಲ ಅಂದುಕೊಂಡಿರುವ ಆಸುಕ, ತನಗೊಂದು ಆಸೆ ಇರಬಹುದು ಎಂಬುದೇ ಗೊತ್ತಿಲ್ಲದ ರೇ. 22ನೇ ಎಪಿಸೋಡಿನಲ್ಲಿ ಲಿಫ್ಟ್ ಒಳಗೆ ಇಬ್ಬರು ಹುಡುಗಿಯರು ಸುಮ್ನೆ ನಿಂತಿರುತ್ತಾರೆ. ಯಾರೂ ಅಲುಗಾಡುವುದಿಲ್ಲ. 24ರಲ್ಲಿ ಇನ್ನೂ ಉದ್ದ, ಸುಮಾರು ಒಂದು ನಿಮಿಷ ಒಂದೇ ಚಿತ್ರ. ನಮ್ಮಲ್ಲೊಬ್ಬ ಸಿಡಿ ಹ್ಯಾಂಗ್ ಆಯಿತು ಅಂತ ಎದ್ದು ಸಿಪಿಯುಗೆ ಎರಡು ಬಾರಿಸಿದ!

ಕೊನೆಯ ಎರಡು ಎಪಿಸೋಡಿನಲ್ಲಿ ಯುದ್ಧವೇ ಇಲ್ಲ. ಕುರ್ಚಿಯಲ್ಲಿ ಕೂತವರಿಗೆ ಪ್ರಶ್ನೆ, ಪರದೆ ತುಂಬಾ ಅಕ್ಷರ, ಅರ್ಧ ಬರೆದ ಸ್ಕೆಚ್‌ಗಳು. ಅಷ್ಟರಲ್ಲಿ ಸ್ಟುಡಿಯೊ ಕೆಲಸ ಬಹಳ ಹಿಂದೆ ಬಿದ್ದಿತ್ತು ಎಂಬುದು ನಿಜ. ಆದರೆ ಅದೊಂದೇ ಕಾರಣ ಎಂದು ನಾನು ಒಪ್ಪುವುದಿಲ್ಲ. ಕಥೆ ಅತ್ತಲೇ ಹೋಗುತ್ತಿತ್ತು. 1997ರ ಜುಲೈನಲ್ಲಿ 'ದಿ ಎಂಡ್ ಆಫ್ ಇವಾಂಜೆಲಿಯನ್' ಸಿನಿಮಾ ಬಂತು. ಸರಣಿಯ ಕೊನೆ ಶಿಂಜಿಯ ತಲೆಯೊಳಗೆ ನಡೆದರೆ, ಅದೇ ಹೊತ್ತಿಗೆ ಹೊರಗೆ ಏನಾಯಿತು ಎಂಬುದನ್ನು ಸಿನಿಮಾ ತೋರಿಸುತ್ತದೆ. ಎರಡನ್ನೂ ನೋಡಬೇಕು, ಇದೇ ಕ್ರಮದಲ್ಲಿ.

ಧಾರವಾಡದಿಂದ:

ಮೇಲಿನ ಸರ್ ಬಹಳ ಮೆಚ್ಚಿದ್ದಾರೆ. ನಾನು ಮೆಚ್ಚಲಿಲ್ಲ. ರೋಬೋಗಾಗಿ ಕೂತವನಿಗೆ ಕೊನೆಕೊನೆಗೆ ರೋಬೋನೇ ಸಿಗುವುದಿಲ್ಲ. ಶಿಂಜಿಯ ಗೋಳು ಕೇಳಿ ಕೇಳಿ ಸಾಕಾಗಿ, ಸಿನಿಮಾ ಅರ್ಧಕ್ಕೇ ನಿಲ್ಲಿಸಿದೆ. ಸಂಗೀತ ಮಾತ್ರ ಫಸ್ಟ್ ಕ್ಲಾಸ್, ಶಿರೊ ಸಗಿಸು ಅವರದ್ದು. ಯುದ್ಧದ ತಯಾರಿ ನಡೆಯುವಾಗ ಬರುವ ಆ ಡ್ರಮ್ ಈಗಲೂ ನನ್ನ ಫೋನಿನ ಅಲಾರ್ಮ್. ಡಿಸ್ಕ್ ತರಿಸುವ ಮೊದಲು ನೆಟ್‌ಫ್ಲಿಕ್ಸ್‌ನಲ್ಲಿ ನಾಲ್ಕೈದು ಎಪಿಸೋಡ್ ನೋಡಿ ತೀರ್ಮಾನ ಮಾಡಿ.

ಮೈಸೂರಿನಿಂದ:

ಅಕ್ಕ, ಡಿಸ್ಕ್ ವಿಷಯ ನನಗೆ ಬಿಡಿ. ಬ್ಲೂ-ರೇ ಲೋಕವನ್ನು ಮೂರು ಪಾಲು ಮಾಡಿಟ್ಟಿದ್ದಾರೆ. ಅಮೆರಿಕ, ಜಪಾನ್ ಎರಡೂ ರೀಜನ್ 'ಎ'. ಇಂಗ್ಲೆಂಡ್, ಯುರೋಪ್ ರೀಜನ್ 'ಬಿ'. ಭಾರತ, ಚೀನಾ, ರಷ್ಯಾ ರೀಜನ್ 'ಸಿ'. ನಿಮ್ಮ ತಮ್ಮ ತರುವುದು ಜಿಕಿಡ್ಸ್ ಕಂಪನಿ 2021ರಲ್ಲಿ ಬಿಟ್ಟ ಸೆಟ್ ಆಗಿರುತ್ತದೆ. ಅದು ರೀಜನ್ 'ಎ'. ಇಲ್ಲಿ ಕೊಂಡ ಮಾಮೂಲಿ ಪ್ಲೇಯರಿಗೆ ಹಾಕಿದರೆ 'ಈ ಡಿಸ್ಕ್ ಓಡಿಸಲು ಆಗುವುದಿಲ್ಲ' ಎಂದು ಬರುತ್ತದೆ, ಅಷ್ಟೇ. ಪ್ಲೇಸ್ಟೇಷನ್ ಇದೆ ಎಂದು ಧೈರ್ಯ ಮಾಡಬೇಡಿ. ಅದರಲ್ಲಿ ಗೇಮ್‌ಗೆ ರೀಜನ್ ಇಲ್ಲ, ಸಿನಿಮಾ ಡಿಸ್ಕ್‌ಗೆ ಇದೆ.

ದಾರಿ ಎರಡು. ಎಲ್ಲ ರೀಜನ್ ಓಡಿಸುವ ಪ್ಲೇಯರ್ ಕೊಳ್ಳುವುದು ಒಂದು. ತಮ್ಮನೇ ಅಲ್ಲಿಂದ ಒಂದು ಸಾದಾ ಪ್ಲೇಯರ್ ತರುವುದು ಇನ್ನೊಂದು. ತರುವುದಾದರೆ ಅದರ ಅಡಾಪ್ಟರಿನ ಮೇಲೆ 100-240 ವೋಲ್ಟ್ ಎಂದು ಇದೆಯಾ ನೋಡಿಕೊಳ್ಳಲಿ. ಬರೀ 120 ಇದ್ದರೆ ನಮ್ಮ 230ಕ್ಕೆ ನೇರ ಹಾಕುವ ಹಾಗಿಲ್ಲ.

ಇನ್ನೊಂದು. ಆ ಸೆಟ್‌ನ ಸ್ಟ್ಯಾಂಡರ್ಡ್ ಎಡಿಷನ್‌ನಲ್ಲಿ ಇರುವುದು 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ಮಾಡಿದ ಇಂಗ್ಲಿಷ್ ಡಬ್. ತೊಂಬತ್ತರ ದಶಕದಲ್ಲಿ ಎಡಿವಿ ಫಿಲ್ಮ್ಸ್ ಅಮೆರಿಕದಲ್ಲಿ ಕ್ಯಾಸೆಟ್ ತಂದಾಗ ಮಾಡಿಸಿದ ಹಳೆಯ ಡಬ್ ಬೇಕಾದರೆ ದುಬಾರಿ ಕಲೆಕ್ಟರ್ಸ್ ಎಡಿಷನ್ ತೆಗೆದುಕೊಳ್ಳಬೇಕು. ಜಪಾನಿ ಧ್ವನಿಯಲ್ಲಿ ಸಬ್‌ಟೈಟಲ್ ಓದಿಕೊಂಡು ನೋಡುವವರಿಗೆ ಈ ಗೊಡವೆ ಕಡಿಮೆ. ಹಳೆಯ ಡಬ್ ಕೇಳಿ ಬೆಳೆದವರು ಮಾತ್ರ ಹೊಸದನ್ನು ಬೈಯುತ್ತಲೇ ಇರುತ್ತಾರೆ.

ಶಿವಮೊಗ್ಗದಿಂದ:

ವಯಸ್ಸಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ಅಲ್ವಾ? ನಾನೂ ತಾಯಿ. ಮಗ ಪಿಯುಸಿಯಲ್ಲಿದ್ದಾಗ ಅವನ ಜೊತೆ ಕೂತು ನೋಡಿದೆ. ಇವಾ ಓಡಿಸುವ ಮಕ್ಕಳಿಗೂ 14 ವರ್ಷ. ಹಾಗಂತ ಇದು 14 ವರ್ಷದವರಿಗೆ ಮಾಡಿದ್ದು ಎಂದಲ್ಲ. ಮೊದಲ ಹದಿನೈದು ಎಪಿಸೋಡ್ ಪರವಾಗಿಲ್ಲ. ಅಲ್ಲಲ್ಲಿ ಪೋಲಿ ಜೋಕ್ ಇವೆ, ಅಷ್ಟೇ. 18ನೆಯದು ಕಠಿಣ. ಒಬ್ಬ ಹುಡುಗನಿಗೆ ಆಗುವುದನ್ನು ನೋಡುವುದು ಕಷ್ಟ. 22ರಲ್ಲಿ ಆಸುಕಳ ತಾಯಿಯ ಆತ್ಮಹತ್ಯೆಯ ನೆನಪು ಬರುತ್ತದೆ. ಮನಸ್ಸಿಗೆ ಬೇಗ ಹಚ್ಚಿಕೊಳ್ಳುವ ಮಗುವಾದರೆ ಪಕ್ಕದಲ್ಲಿ ನೀವಿರಬೇಕು.

ಸಿನಿಮಾ ಮಾತ್ರ ಈಗ ಬೇಡ. ಶುರುವಾದ ಕೆಲವೇ ನಿಮಿಷಕ್ಕೆ ಆಸ್ಪತ್ರೆಯ ಒಂದು ದೃಶ್ಯವಿದೆ. ಮಗಳ ಜೊತೆ ಕೂತು ನೋಡುವಂಥದ್ದಲ್ಲ. ಆಮೇಲೆ ಕೊಲೆ, ರಕ್ತ. ಕಷ್ಟ ಏನೆಂದರೆ ಆ ಸಿನಿಮಾ ಸೆಟ್‌ನಲ್ಲೇ ಬರುತ್ತದೆ. ಸೆಟ್ ಕೊಟ್ಟರೆ ಅದನ್ನೂ ಕೊಟ್ಟಂತೆಯೇ. ಈಗ ಬರೀ ರೋಬೋ ಖುಷಿ ಸಾಕು ಅಂದರೆ ಇದರ ಬದಲು 'ಪ್ಯಾಟ್‌ಲೇಬರ್' ತರಿಸಿ. 1988ರಲ್ಲಿ ನೇರ ವಿಡಿಯೊಗೇ ಮಾಡಿದ್ದು. ಟೋಕಿಯೊ ಪೊಲೀಸರು ರೋಬೋ ಓಡಿಸುತ್ತಾರೆ, ಅರ್ಧ ಹೊತ್ತು ಊಟಕ್ಕೆ, ರಿಪೇರಿಗೆ, ಬಜೆಟ್ಟಿಗೆ ಜಗಳ. ನಮ್ಮ ಮನೆಯಲ್ಲಿ ಅದೇ ಜಾಸ್ತಿ ಓಡಿತು.

ಮಂಗಳೂರಿನಿಂದ:

ಆಂಟಿ, ಸ್ವಲ್ಪ ಜಾಸ್ತಿ ಹೆದರಿಸಿದಿರಿ. ನಾನು ಹತ್ತನೇ ಕ್ಲಾಸಿನಲ್ಲಿ ನೋಡಿದೆ. 'ನಾನು ಯಾರಿಗೂ ಬೇಡ' ಅನ್ನಿಸುವ ವಯಸ್ಸು ಅದು. ಅದನ್ನು ಪರದೆಯ ಮೇಲೆ ಯಾರೋ ಹೇಳಿದಾಗ ಹಗುರ ಆಯಿತು. ಕೊನೆಯ ಎಪಿಸೋಡಿನ ಚಪ್ಪಾಳೆಯನ್ನು ಎಲ್ಲರೂ ತಮಾಷೆ ಮಾಡುತ್ತಾರೆ, ನಾನು ಅತ್ತಿದ್ದೆ. ಆದರೆ ಸಿನಿಮಾ ಬೇಡ ಅಂದಿದ್ದು ಸರಿ. ಅದು ಇನ್ನೂ ಎರಡು ಮೂರು ವರ್ಷ ಕಾಯಲಿ.

ಜಪಾನಿನ ಯೊಕೊಹಾಮಾದಿಂದ:

ನಾನು ಮೂಲತಃ ಹಾಸನದವನು, ಇಲ್ಲಿ ಕೆಲಸ. ಕಥೆಯಲ್ಲಿ ಬರುವ ಟೋಕಿಯೊ-3 ಊರನ್ನು ಹಕೋನೆ ಬೆಟ್ಟದ ಸೀಮೆಯಲ್ಲಿ ಇಟ್ಟಿದ್ದಾರೆ. ಬಿಸಿನೀರಿನ ಬುಗ್ಗೆಗೆ ಹೆಸರಾದ ಜಾಗ, ಆಶಿ ಸರೋವರ ಅಲ್ಲೇ ಇದೆ. ಸ್ನಾನಕ್ಕೆಂದು ಹೋದವರು ಇವಾ ಚಿತ್ರವಿರುವ ಬಿಸ್ಕತ್ ಡಬ್ಬಿ ಹಿಡಿದು ಬರುತ್ತಾರೆ. ಬೆಂಗಳೂರಿನ ಸರ್ ಹೇಳಿದ ಆ 6ನೇ ಎಪಿಸೋಡ್ ಇದೆಯಲ್ಲ, ಅದರ ಕಾರ್ಯಾಚರಣೆಯ ಹೆಸರು ಯಾಶಿಮಾ. 2011ರ ಮಾರ್ಚ್ ಭೂಕಂಪದ ನಂತರ ಕರೆಂಟ್ ಕೊರತೆ ಆದಾಗ, ಅಭಿಮಾನಿಗಳು ವಿದ್ಯುತ್ ಉಳಿಸೋಣ ಎಂದು ಅದೇ ಹೆಸರಿನಲ್ಲಿ ಕರೆ ಕೊಟ್ಟಿದ್ದರು.

ಇಲ್ಲಿಯ ಜನ ಈ ಸರಣಿಯನ್ನು ಕೊಂಡಷ್ಟು ಸಲ ಬೇರೇನೂ ಕೊಂಡಿರಲಾರರು. ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಲೇಸರ್‌ಡಿಸ್ಕ್ ಇದೆ, 2003ರಲ್ಲಿ ಚಿತ್ರದ ಅಲುಗಾಟ ತೆಗೆದು 5.1 ಸೌಂಡ್ ಸೇರಿಸಿದ ಡಿವಿಡಿ ಇದೆ, 2015ರ ಬ್ಲೂ-ರೇಯೂ ಇದೆ. ಹೆಂಡತಿಗೆ ಲೆಕ್ಕ ಗೊತ್ತಿಲ್ಲವಂತೆ. ಟಿವಿಯಲ್ಲಿ ಬಂದದ್ದಕ್ಕೂ ಡಿಸ್ಕ್‌ಗೂ ವ್ಯತ್ಯಾಸ ಇರುವುದೂ ನಿಜ. 21ರಿಂದ 24ರವರೆಗಿನ ನಾಲ್ಕು ಎಪಿಸೋಡಿಗೆ ವಿಡಿಯೊ ಬಿಡುಗಡೆಗಾಗಿ ಹೊಸ ದೃಶ್ಯ ಸೇರಿಸಿದರು. ಸಿನಿಮಾಕ್ಕೆ ದಾರಿ ಮಾಡಿಕೊಡುವ ದೃಶ್ಯಗಳೇ ಅದರಲ್ಲಿ ಹೆಚ್ಚು.

ನಿಮಗೆ ಜಪಾನಿನ ಡಿಸ್ಕ್ ಬೇಡ. ಇಲ್ಲಿಯ ಅನಿಮೆ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಸಬ್‌ಟೈಟಲ್ ಇರುವುದಿಲ್ಲ, ಬೆಲೆಯೂ ಕೈ ಸುಡುತ್ತದೆ. ಒಂದೇ ಹೊಟ್ಟೆಕಿಚ್ಚಿನ ವಿಷಯ: ಪ್ರತಿ ಎಪಿಸೋಡಿನ ಕೊನೆಗೆ ಬರುತ್ತಿದ್ದ 'ಫ್ಲೈ ಮಿ ಟು ದಿ ಮೂನ್' ಹಾಡು ನೆಟ್‌ಫ್ಲಿಕ್ಸ್‌ನಲ್ಲಿ ಹೊರದೇಶದವರಿಗಿಲ್ಲ, ಅಮೆರಿಕದ ಹೊಸ ಬ್ಲೂ-ರೇಯಲ್ಲೂ ಇಲ್ಲ. ಅಲ್ಲಿ ಪಿಯಾನೊ ಹಾಕಿದ್ದಾರೆ. ಹಳೆಯ ಡಿವಿಡಿಯಲ್ಲಿ ನೋಡಿದವರಿಗೆ ಊಟದ ಕೊನೆಗೆ ಮಜ್ಜಿಗೆ ಬರದ ಹಾಗೆ ಅನ್ನಿಸುತ್ತದೆ.

ಕೇಳಿದವರು, ದಾವಣಗೆರೆ:

ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ ಇದನ್ನೆಲ್ಲ ಓದಿಸಿದೆ. ಅವಳದ್ದು ಎರಡು ಪ್ರಶ್ನೆ. ಒಂದು, 2007ರಿಂದ ಬಂದ ಹೊಸ ನಾಲ್ಕು ಸಿನಿಮಾಗಳಿಂದಲೇ ಶುರು ಮಾಡಬಹುದಾ? ಎರಡು, ಈಗ ನೆಟ್‌ಫ್ಲಿಕ್ಸ್‌ನಲ್ಲೇ ನೋಡಿದರೆ ಡಿಸ್ಕ್ ಯಾಕೆ ಬೇಕು?

ಬೆಂಗಳೂರಿನಿಂದ:

ಹೊಸ ಸಿನಿಮಾಗಳಿಂದ ಶುರು ಬೇಡ. ಮೊದಲನೆಯದು ಹಳೆಯ ಆರು ಎಪಿಸೋಡ್‌ಗಳ ಕಥೆಯನ್ನೇ ಹೇಳುತ್ತದೆ, ಮುಂದೆ ಹೋಗುತ್ತಾ ಹೋಗುತ್ತಾ ಬೇರೆ ದಾರಿ ಹಿಡಿಯುತ್ತದೆ. 2021ರಲ್ಲಿ ಬಂದ ನಾಲ್ಕನೆಯದು ಹಳೆಯದನ್ನು ನೋಡಿದವರಿಗೇ ಜಾಸ್ತಿ ತಾಗುವುದು. ಸೆಟ್‌ನಲ್ಲಿ 'ಡೆತ್' ಅನ್ನುವ ಇನ್ನೊಂದು ಸಿನಿಮಾ ಇರುತ್ತದೆ. ಅದು ಬಹುಪಾಲು ಸರಣಿಯದ್ದೇ ತುಣುಕುಗಳನ್ನು ಸೇರಿಸಿ ಮಾಡಿದ್ದು. ಬಿಟ್ಟರೂ ನಷ್ಟವಿಲ್ಲ.

ಎರಡನೇ ಪ್ರಶ್ನೆಗೆ: ಆನ್‌ಲೈನ್‌ನಲ್ಲಿ ಇಂದು ಇದ್ದದ್ದು ನಾಳೆ ಇರುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ. ಆದರೂ ಅವಸರ ಬೇಡ. 15ರವರೆಗೆ ಅಲ್ಲೇ ನೋಡಲಿ. ಆಮೇಲೂ ಬೇಕು ಅಂದರೆ ತಮ್ಮನಿಗೆ ಹೇಳಿ.

ಮೈಸೂರಿನಿಂದ:

ಹೇಳುವಾಗ ಪ್ಲೇಯರ್ ವಿಷಯವನ್ನೂ ಸೇರಿಸಿ ಹೇಳಿ ಅಕ್ಕ. ಮತ್ತೆ, ಇದು ಹಳೆಯ ಟಿವಿಯ 4:3 ಅಳತೆಯ ಚಿತ್ರ. ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ. ಮನೆಯಲ್ಲಿ ಯಾರಾದರೂ ರಿಮೋಟ್ ಒತ್ತಿ ಪರದೆ ತುಂಬಾ ಎಳೆದರೆ ಶಿಂಜಿ ದಪ್ಪಗಾಗುತ್ತಾನೆ. ಪ್ಲೇಯರಿನ ಸೆಟ್ಟಿಂಗ್‌ನಲ್ಲೂ ಟಿವಿಯಲ್ಲೂ 'ಒರಿಜಿನಲ್' ಅಂತಲೇ ಇಡಿ.