ತಾತನ ಕಾಲದ ಸ್ಪೇನ್ ಪಿಸ್ತೂಲು: ಇಟ್ಟುಕೊಳ್ಳೋದಾ, ಮಾರೋದಾ?

ತೋಟದಮನೆ_ಮೂಡಿಗೆರೆ:
ನಮಸ್ಕಾರ ಎಲ್ಲರಿಗೂ. ತಾತ ತೀರಿಕೊಂಡ ಮೇಲೆ ಅವರ ಲೈಸೆನ್ಸಿನಲ್ಲಿದ್ದ ಒಂದು ಪುಟ್ಟ ಪಿಸ್ತೂಲನ್ನು ಚಿಕ್ಕಮಗಳೂರಿನಲ್ಲಿ ಡೀಲರ್ ಹತ್ತಿರ ಠೇವಣಿ ಇಟ್ಟಿದ್ದೇವೆ. 6.35 ಎಂಎಂ ಗುಂಡಿನದು, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಸ್ಲೈಡ್ (ಹಿಂದೆಮುಂದೆ ಸರಿಯುವ ಮೇಲ್ಭಾಗ) ಮೇಲೆ ‘ಮಾಡೆಲ್ 1911’, ‘ವಿಕ್ಟೋರಿಯಾ ಪೇಟೆಂಟ್’ ಅಂತ ಇಂಗ್ಲಿಷಿನಲ್ಲಿದೆ. ಅಪ್ಪನ ಹೆಸರಲ್ಲಿ ತೋಟದ ಡಬಲ್ ಬ್ಯಾರಲ್ ಕೋವಿ ಇದೆ, 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಕೋವಿ ಅಲ್ವಾ, ಉಳಿದಿರುವ ಒಂದು ಜಾಗವನ್ನು ಇದಕ್ಕೆ ಕೊಡಬಹುದಾ? ಚಿಕ್ಕಪ್ಪ ‘ಅಗ್ಗದ ನಕಲು ಮಾಲು, ಸುಮ್ನೆ ಕೊಟ್ಟುಬಿಡಿ’ ಅಂತಾರೆ. ಹೊರದೇಶದಲ್ಲಿ ಇಂಥದ್ದನ್ನೇ ಹುಡುಕಿ ಕೂಡಿಡುವವರಿದ್ದಾರಂತೆ. ಏನಿದೆ ಇದರಲ್ಲಿ?

ಹಳೇಕೋವಿ_ಸಕಲೇಶಪುರ:
ಕೊಡಬೇಡಿ ಸರ್! ನಕಲು ಅನ್ನೋದು ನಿಜ. ಮೂಲ ಅಮೆರಿಕದ ಜಾನ್ ಬ್ರೌನಿಂಗ್ ಅವರ ವಿನ್ಯಾಸ, ಬೆಲ್ಜಿಯಂನ ಎಫ್‌ಎನ್ ಕಂಪನಿಯ 1906ರ ಮಾಡೆಲ್. ಅದರಲ್ಲಿ ಹಿಡಿಯ ಹಿಂದೆ ಒತ್ತಿದರೆ ಮಾತ್ರ ಹಾರುವಂಥ ಸೇಫ್ಟಿ ಇದೆ. ಸ್ಪೇನಿನವರು ಹೆಚ್ಚಾಗಿ ಅದನ್ನು ಬಿಟ್ಟು, ಎಡಗಡೆ ಟ್ರಿಗರ್‌ಗಿಂತ ಸ್ವಲ್ಪ ಮೇಲೆ ಒಂದು ಪುಟ್ಟ ಸೇಫ್ಟಿ ಲಿವರ್ ಇಟ್ಟರು. ನಿಮ್ಮದರಲ್ಲೂ ಅಲ್ಲೇ ಇರುತ್ತದೆ, ನೋಡಿ. ಖರ್ಚು ಉಳಿಸೋಕೆ ಮಾಡಿದ ಆ ಒಂದು ಬದಲಾವಣೆಯಿಂದಲೇ ಸ್ಪೇನಿನ ಐಬಾರ್ ಊರಿನ ಪಿಸ್ತೂಲನ್ನು ದೂರದಿಂದ ಗುರುತಿಸಬಹುದು.

ವಿಕ್ಟೋರಿಯಾ ಮಾಡಿದ್ದು ಎಸ್ಪೆರಾಂಜಾ ಇ ಉನ್ಸೇಟಾ ಅನ್ನುವ ಕಂಪನಿ. 1908ರಲ್ಲಿ ಐಬಾರ್‌ನಲ್ಲಿ ಶುರುವಾಗಿ, 1913ರಲ್ಲಿ ಗೆರ್ನಿಕಾ ಊರಿಗೆ ಹೋಯಿತು. ಮುಂದೆ ಅಸ್ಟ್ರಾ ಅಂತ ಹೆಸರು ಮಾಡಿದ್ದು ಇದೇ ಕಂಪನಿ. 1937ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಬಾಂಬ್ ಬಿದ್ದು ಆ ಊರೇ ಸುಟ್ಟುಹೋದಾಗಲೂ ಇವರ ಕಾರ್ಖಾನೆ ಉಳಿಯಿತು.

ಕೂಡಿಡುವವರಿಗೆ ಹುಚ್ಚು ಹಿಡಿಯೋದು ಇಲ್ಲೇ. ಕೋಲ್ಟ್, ಎಫ್‌ಎನ್‌ನಂಥ ದೊಡ್ಡ ಕಂಪನಿಯದಾದರೆ ದುಡ್ಡು ಜಾಸ್ತಿ, ಕಥೆ ಎಲ್ಲರಿಗೂ ಗೊತ್ತು. ಅಗ್ಗದ ಸ್ಪೇನ್ ಪಿಸ್ತೂಲಿನಲ್ಲಿ ಒಂದೊಂದಕ್ಕೂ ಒಂದೊಂದು ಹೆಸರು, ಒಂದೊಂದು ಸಣ್ಣ ಕಾರ್ಖಾನೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್ ಸೇನೆ ರೂಬಿ ಅನ್ನುವ 7.65 ಪಿಸ್ತೂಲಿಗೆ ಆರ್ಡರ್ ಕೊಟ್ಟಾಗ ಒಂದೇ ಕಂಪನಿಯಿಂದ ಪೂರೈಸಲು ಆಗಲಿಲ್ಲ, ಹತ್ತಾರು ಕಾರ್ಖಾನೆಗಳು ಸೇರಿಕೊಂಡವು, ಆದರೆ ಒಬ್ಬರ ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಇನ್ನೊಬ್ಬರದಕ್ಕೆ ಕೂರುತ್ತಿರಲಿಲ್ಲ! ಅದಕ್ಕೇ ಯಾವುದು ಯಾವ ಕಾರ್ಖಾನೆಯದು ಅಂತ ತಿಳಿಯಲು ಎರಡಕ್ಷರದ ಗುರುತು ಒತ್ತಿದರು. ಇನ್ನೊಂದು ತಮಾಷೆ ನೋಡಿ, ಚರ್ಮದ ಚೀಲಕ್ಕೆ ತಾಗಿ ಸೇಫ್ಟಿ ತಾನಾಗೇ ಬಿಡದಿರಲಿ ಅಂತ ಎಷ್ಟೋ ರೂಬಿಗಳ ಸ್ಲೈಡಿಗೆ ಒಂದು ಗುಬುಟು ಕೂರಿಸಿದ್ದಾರೆ. ಅದನ್ನು ಬೆರಳಲ್ಲಿ ಸವರಿದರೆ ಯಾರೋ ಸಿಪಾಯಿಯ ತೊಂದರೆಯೇ ಕೈಗೆ ತಾಗುತ್ತದೆ.

ಹಾಸನದವ_77:
ಕಾಗದದ ವಿಷಯ ನಾನು ಹೇಳ್ತೀನಿ. ಠೇವಣಿ ಇಟ್ಟಿದ್ದು ಒಳ್ಳೆಯದಾಯಿತು, ರಸೀದಿ ಜೋಪಾನ. ಅಪ್ಪ ವಾರಸುದಾರರಾಗಿ ಡಿಸಿ ಆಫೀಸಿಗೆ ಅರ್ಜಿ ಹಾಕಲಿ. ಲೈಸೆನ್ಸ್ ಆಗುವ ತನಕ ಮನೆಗೆ ತರಲೇಬೇಡಿ, ಫೋಟೋಗೆ ಅಂತಲೂ ಬೇಡ. ಹಳೆಯದು ಅಂದಮಾತ್ರಕ್ಕೆ ವಿನಾಯಿತಿ ಇಲ್ಲ, ರಿಪೇರಿ ಮಾಡಿದರೂ ಹಾರಿಸಲಾಗದಂಥದ್ದಕ್ಕೆ ಮಾತ್ರ. ಬೆಲೆ ಹೇಳೋದಾದರೆ, 1980ರ ದಶಕದಲ್ಲಿ ಖಾಸಗಿ ಆಮದು ನಿಂತ ಮೇಲೆ ಹೊರದೇಶದ ಅಗ್ಗದ ಮಾಲೂ ಇಲ್ಲಿ ಅಗ್ಗ ಅಲ್ಲ. ಮಾರಿದರೆ ಅಂಥದ್ದು ಮತ್ತೆ ಸಿಗೋದು ಕಷ್ಟ.

ತೋಟದಮನೆ_ಮೂಡಿಗೆರೆ:
ತುಂಬಾ ಥ್ಯಾಂಕ್ಸ್. ಹಾಗಾದರೆ ಅಪ್ಪನ ಹತ್ತಿರ ಅರ್ಜಿ ಹಾಕಿಸ್ತೀನಿ. ಸ್ಲೈಡ್ ಮೇಲೆ ಅಲ್ಲಲ್ಲಿ ತುಕ್ಕು ಇದೆ, ಡೀಲರ್ ‘ಪಾಲಿಶ್ ಹೊಡೆದು ಹೊಸ ಬಣ್ಣ ಏರಿಸಿಕೊಡ್ತೀನಿ’ ಅಂತಿದ್ದಾರೆ. ಮಾಡಿಸಲಾ?

ಹಳೇಕೋವಿ_ಸಕಲೇಶಪುರ:
ಅಯ್ಯೋ, ಬೇಡವೇ ಬೇಡ! ಪಾಲಿಶ್ ಚಕ್ರಕ್ಕೆ ಹಿಡಿದರೆ ಮೊದಲು ಸವೆಯೋದು ಆ ಅಕ್ಷರಗಳೇ. ಅವು ಹೋದರೆ ಪಿಸ್ತೂಲಿನ ಗುರುತೇ ಹೋದಂತೆ. ಹೊಲಿಗೆ ಮಿಷಿನ್ ಎಣ್ಣೆಯಲ್ಲಿ ಬಟ್ಟೆ ಅದ್ದಿ ಮೆಲ್ಲಗೆ ಒರೆಸಿಕೊಡಲು ಹೇಳಿ, ಸಾಕು. ಕೊಬ್ಬರಿ ಎಣ್ಣೆ ಬೇಡ, ನಮ್ಮ ಚಳಿಗೆ ಒಳಗೇ ಗಟ್ಟಿಯಾಗುತ್ತದೆ. ಚರ್ಮದ ಚೀಲ ಇದ್ದರೆ ಬೇರೆ ಇಡಿಸಿ, ಮಲೆನಾಡಿನ ಮಳೆಗಾಲದಲ್ಲಿ ಚರ್ಮ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಮತ್ತೆ, ಹಾರಿಸಿ ನೋಡೋಣ ಅನ್ನೋ ಆಸೆ ಬಿಡಿ, ಆ ಕಾಲದ ಅಗ್ಗದ ಪಿಸ್ತೂಲುಗಳಲ್ಲಿ ಎಷ್ಟೋ ಮೆದು ಉಕ್ಕಿನವು. ಡೀಲರ್ ಹತ್ತಿರ ಹೋದಾಗ ಹಿಡಿಯ ಪಟ್ಟಿಯ ಮೇಲೆ ಏನು ಗುರುತಿದೆ ಅಂತ ನೋಡಿ ಬರೆಯಿರಿ.